ಗಿರಾಕಿಗಳೇ ಬಾರದ ಅಂಗಡಿಗೆ ಅಷ್ಟು ದೊಡ್ಡ ಮುಖ ಯಾಕೆ? (ನ್ಯೂಟೌನ್, ವೇಲ್ಸ್)

ಹಳೇಪೇಟೆ_ಹುಡುಗ
ವೇಲ್ಸ್ ಮಧ್ಯಭಾಗದಲ್ಲಿ ನ್ಯೂಟೌನ್ ಅಂತ ಒಂದು ಪುಟ್ಟ ಊರಿದೆ. ಅಲ್ಲಿ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಕೆಂಪು ಇಟ್ಟಿಗೆಯ ಭಾರೀ ಕಟ್ಟಡ, ನೆತ್ತಿ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಮಾಲೀಕನ ಹೆಸರು: ಪ್ರೈಸ್ ಜೋನ್ಸ್. ಕಟ್ಟಡದ ಹೆಸರು ರಾಯಲ್ ವೆಲ್ಷ್ ವೇರ್‌ಹೌಸ್, 1879ರದ್ದು.

ನನ್ನ ತಲೆ ಕೊರೀತಿರೋದು ಇಷ್ಟೇ. ಈ ಮನುಷ್ಯ ಫ್ಲಾನೆಲ್ ಅನ್ನೋ ಮೆತ್ತನೆ ಉಣ್ಣೆ ಬಟ್ಟೆ ಮಾರ್ತಿದ್ದಿದ್ದು ಅಂಚೆಯಲ್ಲಿ. ಗಿರಾಕಿ ಎಲ್ಲೋ ಲಂಡನ್ನಲ್ಲಿ ಕೂತು ಕಾಗದ ಬರೀತಾನೆ, ಇವರು ಕಟ್ಟಿ ಕಳಿಸ್ತಾರೆ. ಅಂದ್ರೆ ಕೊಳ್ಳೋನು ಕಟ್ಟಡಕ್ಕೆ ಕಾಲೇ ಇಡಲ್ಲ. ನಮ್ಮ ಹೊಸಕೋಟೆ ಕಡೆ ಆನ್‌ಲೈನ್ ಕಂಪನಿಗಳ ಗೋದಾಮು ನೋಡಿ, ತಗಡಿನ ಶೆಡ್ಡು, ಮುಗೀತು. ಈತ ಯಾಕೆ ಅರಮನೆ ಥರ ಕಟ್ಟಿಸಿದ? ಆರ್ಕಿಟೆಕ್ಚರ್ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ_ಓದೋಳು
ದುಡ್ಡಿತ್ತು, ಕಟ್ಟಿಸಿದ. ಇದರಲ್ಲಿ ಬಿಡಿಸಿ ಹೇಳೋಕೆ ಏನಿದೆ? 😄

ಸ್ಟ್ರಕ್ಚರಲ್_ಸುಬ್ಬಿ
ದುಡ್ಡಿದ್ದೋರೆಲ್ಲ ಗೋದಾಮಿಗೆ ಸುರಿಯಲ್ಲ ಮೇಡಂ, ಮನೆಗೆ ಸುರೀತಾರೆ.

ಮೊದಲು ಕಟ್ಟಡದ ಒಳಗಿನ ಲೆಕ್ಕ ನೋಡಿ. ಬಟ್ಟೆ ವ್ಯಾಪಾರಕ್ಕೆ ಬೆಳಕು ಬೇಕೇ ಬೇಕು. ಬಣ್ಣ ಹೊಂದಿಸೋದು, ನೇಯ್ಗೆ ದೋಷ ಹುಡುಕೋದು, ಸ್ಯಾಂಪಲ್ ಕತ್ತರಿಸೋದು ಇವೆಲ್ಲ ಗ್ಯಾಸ್ ದೀಪದ ಹಳದಿ ಬೆಳಕಲ್ಲಿ ಆಗೋ ಕೆಲಸ ಅಲ್ಲ. ಅದಕ್ಕೇ ಆ ಕಾಲದ ಬಟ್ಟೆ ಗೋದಾಮುಗಳಲ್ಲಿ ಗೋಡೆಗಿಂತ ಕಿಟಕಿ ಜಾಸ್ತಿ. ಅಂತಸ್ತಿಗೊಂದು ಸಾಲು ದೊಡ್ಡ ಕಿಟಕಿ, ನಡುವೆ ಇಟ್ಟಿಗೆ ಕಂಬಗಳು ಕೆಳಗಿಂದ ಮೇಲಿನವರೆಗೆ ಭಾರ ಹೊರ್ತವೆ.

ಇನ್ನೊಂದು ವಿಷಯ, ಇದು ತೆರಿಗೆ ಕಥೆ. ಬ್ರಿಟನ್ನಲ್ಲಿ ಗಾಜಿನ ಮೇಲಿನ ಸುಂಕ 1845ರಲ್ಲಿ ಹೋಯ್ತು, ಇಟ್ಟಿಗೆ ತೆರಿಗೆ 1850ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ. ಆರು ವರ್ಷದಲ್ಲಿ ಮೂರೂ ಖಲಾಸ್. ಆಮೇಲೆ ಕಟ್ಟಿದ್ದೆಲ್ಲ ಇಟ್ಟಿಗೆ ಮತ್ತು ಗಾಜಿನ ಹಬ್ಬ. 1879ರ ಹೊತ್ತಿಗೆ ಅದು ರೂಢಿಯೇ ಆಗಿತ್ತು.

ಹಳೇಪೇಟೆ_ಹುಡುಗ
ಕಿಟಕಿ ಒಪ್ಪಿದೆ. ಆದ್ರೆ ತಲೆ ಮೇಲಿನ ಹೆಸರು? ಅಲಂಕಾರ? ಅದಕ್ಕೆ ಬೆಳಕಿನ ನೆಪ ಹೇಳೋಕಾಗಲ್ಲ.

ರೈಲುಪ್ರಿಯ
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಸ್ಟೇಷನ್ ಪಕ್ಕ! ಗಿರಾಕಿ ಬರದಿದ್ರೇನು, ರೈಲು ಬರುತ್ತಲ್ಲ. ದಿನಾ ಅಬೆರಿಸ್ಟ್‌ವಿತ್ ಸಮುದ್ರತೀರಕ್ಕೆ ಹೋಗೋ ಬರೋ ಪ್ರಯಾಣಿಕರ ಕಣ್ಣಿಗೆ ಆ ಹೆಸರು ಬೀಳ್ತಿತ್ತು. ಪೇಟೆ ಕಡೆಯಿಂದ ನೋಡೋರಿಗಿಂತ ರೈಲು ಕಡೆಯಿಂದ ನೋಡೋರಿಗೆ ಮಾಡಿದ ಮುಖ ಅದು.

ಅಂಚೆಪೆಟ್ಟಿಗೆ
ಈ ಕಟ್ಟಡಕ್ಕೆ ಅಸಲಿ ಕಾರಣ ಪಾರ್ಸೆಲ್ ಪೋಸ್ಟ್. ಬ್ರಿಟಿಷ್ ಅಂಚೆ ಪಾರ್ಸೆಲ್ ಶುರು ಮಾಡ್ತು, ಇವನು ಬೆಳೆದ. ಅಂಚೆ ಇಲಾಖೆ ಇಲ್ಲದಿದ್ರೆ ಈ ಪ್ರೈಸ್ ಜೋನ್ಸ್ ಒಬ್ಬ ಮಾಮೂಲಿ ಬಟ್ಟೆ ಅಂಗಡಿಯೋನು.

ರೈಲುಪ್ರಿಯ
ತಾರೀಖು ನೋಡಿ ಸ್ವಾಮಿ. ಬ್ರಿಟನ್ನಲ್ಲಿ ಪಾರ್ಸೆಲ್ ಪೋಸ್ಟ್ ಶುರುವಾಗಿದ್ದು 1883ರ ಆಗಸ್ಟ್ 1ಕ್ಕೆ. ಕಟ್ಟಡ ಎದ್ದಿದ್ದು 1879ರಲ್ಲಿ. ನಾಲ್ಕು ವರ್ಷ ಮುಂಚೆ! ಈತ ಅಂಚೆಯಲ್ಲಿ ಬೆಲೆಪಟ್ಟಿ ಕಳಿಸೋ ವ್ಯಾಪಾರ ಶುರು ಮಾಡಿದ್ದೇ 1861ರಲ್ಲಿ, ಅಂದ್ರೆ ಈ ಕಟ್ಟಡಕ್ಕೂ ಹದಿನೆಂಟು ವರ್ಷ ಮೊದಲು. ಕಾಗದ, ಬೆಲೆಪಟ್ಟಿ, ಬಟ್ಟೆ ತುಣುಕಿನ ಸ್ಯಾಂಪಲ್ ಅಂಚೆಯಲ್ಲಿ ಹೋಗ್ತಿತ್ತು, ಸರಿ. ಮಾಲು ಹೋಗ್ತಿದ್ದಿದ್ದು ರೈಲಲ್ಲಿ.

ನ್ಯೂಟೌನ್‌ಗೆ ಮೊದಲ ರೈಲು ಬಂದಿದ್ದು 1859ರಲ್ಲಿ, ಲಾನಿಡ್‌ಲೋಸ್ ಕಡೆಯಿಂದ. ಅದು ಒಂಟಿ ತುಂಡು ಹಳಿ, ಹೊರಗಿನ ಯಾವ ಜಾಲಕ್ಕೂ ಸೇರಿರಲಿಲ್ಲ. 1861ರಲ್ಲಿ ಆಸ್ವೆಸ್ಟ್ರಿ ಕಡೆಯ ಹಳಿ ಕೂಡಿಕೊಳ್ತು, ಆಗ ಇಂಗ್ಲೆಂಡಿಗೆ ಬಾಗಿಲು ತೆರೀತು. ಅದೇ 1861. ಕಾಕತಾಳೀಯ ಅಂತೀರಾ? 1864ರಿಂದ ಇವೆಲ್ಲ ಕೇಂಬ್ರಿಯನ್ ರೈಲ್ವೇಸ್.

ಅಂಚೆಪೆಟ್ಟಿಗೆ
ಹಾಗಾದ್ರೆ ಕಟ್ಟಡದ ಒಳಗೇ ಸ್ವಂತ ಪೋಸ್ಟ್ ಆಫೀಸ್ ಇತ್ತಲ್ಲ, ಅದಕ್ಕೇನಂತೀರಿ? ರೈಲಿನಿಂದ ಮಾಲು ಹೋಗಿರಬಹುದು, ಆರ್ಡರ್ ಬರ್ತಿದ್ದಿದ್ದು ಅಂಚೆಯಿಂದ. ಆರ್ಡರೇ ಇಲ್ಲದೆ ಮಾಲು ಎಲ್ಲಿಗೆ ಕಳಿಸ್ತೀರಿ? 1883 ಆದ್ಮೇಲಂತೂ ವ್ಯಾಪಾರ ಹೇಗೆ ಏರ್ತು ನೋಡಿ. 1887ಕ್ಕೆ ಲಕ್ಷದ ಮೇಲೆ ಗಿರಾಕಿಗಳು. ಅದೇ ವರ್ಷ ವಿಕ್ಟೋರಿಯಾ ರಾಣಿ ಸರ್ ಪದವಿ ಕೊಟ್ಟಳು, ಆಮೇಲೆ ಪ್ರೈಸ್ ಜೋನ್ಸ್ ಹೋಗಿ ನಡುವೆ ಗೀಟಿರೋ ಪ್ರೈಸ್-ಜೋನ್ಸ್ ಆದ.

ಸುಮ್ನೆ_ಓದೋಳು
ಒಂದು ಗೀಟಿಗೆ ಎಷ್ಟು ಫ್ಲಾನೆಲ್ ಮಾರಬೇಕು ಪಾಪ.

ಗುಳೇದಗುಡ್ಡದಾಂವ
ನಾವು ನೇಕಾರ ಮಂದಿ, ನಂದೊಂದು ಮಾತು ಕೇಳ್ರಿ. ಎಲ್ಲಾರೂ ಮಾರೋನ ಕಟ್ಟಡ ನೋಡಾಕತ್ತೀರಿ. ನೇಯೋನ ಕಟ್ಟಡ ಅದ ಊರಾಗ ಐತಿ, ಅದನ್ನ ಯಾರೂ ಹೇಳವಲ್ರಿ.

ನ್ಯೂಟೌನ್‌ದಾಗ ಕಮರ್ಷಿಯಲ್ ಸ್ಟ್ರೀಟ್ ಅಂತ ಐತಿ. ಅಲ್ಲಿ 1830ರ ದಶಕದ ಒಂದು ಕಟ್ಟಡ ಈಗ ಟೆಕ್ಸ್‌ಟೈಲ್ ಮ್ಯೂಸಿಯಂ ಆಗೈತಿ. ಕೆಳಗಿನ ಎರಡು ಅಂತಸ್ತಿನ್ಯಾಗ ಆರು ಮನಿ, ಬೆನ್ನಿಗೆ ಬೆನ್ನು ಹಚ್ಚಿ ಕಟ್ಟಿದ್ದು. ಹಿಂದಿನ ಗ್ವಾಡಿ ಪೂರಾ ಪಕ್ಕದ ಮನ್ಯಾರದ್ದ, ಹಿತ್ತಲ ಕಿಡಕಿ ಅನ್ನೋದ ಇಲ್ಲ. ಮ್ಯಾಲಿನ ಎರಡು ಅಂತಸ್ತು ಮಾತ್ರ ಉದ್ದಕ ಒಂದ ಹಾಲ್, ಸಾಲಾಗಿ ಮಗ್ಗ. ಅಲ್ಲಿ ಕಿಡಕಿ ನೋಡ್ರಿ, ದೊಡ್ಡವು. ಮನಶ್ಯಾಗ ಸಣ್ಣ ಕಿಡಕಿ, ಮಗ್ಗಕ್ಕ ದೊಡ್ಡ ಕಿಡಕಿ! ಕೆಳಗ ಮಲಗೂದು, ಮ್ಯಾಲ ದುಡಿಯೂದು.

ನಮ್ಮ ಕಡೆ ಗುಂಡಿ ಮಗ್ಗ ಮನಿ ಒಳಗ ನೆಲದಾಗ ಇರತೈತಿ. ಖಣ ನೇಯೂ ಮನಿಗೆ ಹೋದ್ರ ಬಾಗಿಲ ಬೆಳಕಿಗೆ ಮಗ್ಗ, ಅದರ ಹಿಂದ ಅಡಿಗಿ ಮನಿ. ಅವರು ಮಗ್ಗಾನ ಮಾಳಗಿ ಮ್ಯಾಲ ಏರಿಸ್ಯಾರ, ನಾವು ನೆಲದಾಗ ಇಳಿಸೇವಿ. ಬೆಳಕು ಹುಡುಕೂದು ಇಬ್ಬರದೂ ಒಂದ.

ಸ್ಟ್ರಕ್ಚರಲ್_ಸುಬ್ಬಿ
ಇದು ಒಳ್ಳೇ ಪಾಯಿಂಟ್. ಮಗ್ಗದ ಕಟ್ಟಡಕ್ಕೂ ಗೋದಾಮಿಗೂ ಸುಮಾರು ನಲವತ್ತೈದು ವರ್ಷ ಅಂತರ. ಒಂದರಲ್ಲಿ ಊರು ನೇಯ್ತಿತ್ತು, ಇನ್ನೊಂದರಲ್ಲಿ ಊರು ಪ್ಯಾಕ್ ಮಾಡ್ತಿತ್ತು.

ಗುಳೇದಗುಡ್ಡದಾಂವ
ಹೌದ್ರಿ. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಮಿಲ್ಲು ಅಗ್ಗದ ದರದಾಗ ಫ್ಲಾನೆಲ್ ಹೊಂಡಿಸಿದ ಮ್ಯಾಲ ನ್ಯೂಟೌನ್ ಮಗ್ಗ ಮೂಲೆ ಸೇರಿದ್ವು. ನೇಕಾರ ಸೋತ ಮ್ಯಾಲ ವ್ಯಾಪಾರಿ ಬಂಗ್ಲೆ ಎದ್ದೈತಿ. ಆ ಕೆಂಪು ಕಟ್ಟಡ ನೋಡಿದ್ರ ನನಗ ಖುಷಿ ಆಗಂಗಿಲ್ಲ.

ಮಲೆನಾಡ_ಇಟ್ಟಿಗೆ
ಸ್ವಲ್ಪ ಅತಿ ಆಯ್ತು ಸರ್. ನೇಕಾರರನ್ನ ಸೋಲಿಸಿದ್ದು ರಾಚ್‌ಡೇಲ್, ಪ್ರೈಸ್ ಜೋನ್ಸ್ ಅಲ್ಲ. ಅವನೂ ಏನು ಶ್ರೀಮಂತ ಮನೆಯವನಲ್ಲ, ಹನ್ನೆರಡನೇ ವಯಸ್ಸಿಗೆ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಕಲಿಯೋಕೆ ಸೇರಿದ ಹುಡುಗ. ಮಗ್ಗ ನಿಂತ ಊರಿಗೆ ಮತ್ತೆ ಸಂಬಳ ತಂದುಕೊಟ್ಟ.

ಗುಳೇದಗುಡ್ಡದಾಂವ
ಸಂಬಳ ತಂದ, ಖರೆ. ಕಸಬು ತರಲಿಲ್ಲ. ಎರಡೂ ಬ್ಯಾರೆ ಬ್ಯಾರೆ.

ಸಹಕಾರಿ_ಗದಗ
ರಾಚ್‌ಡೇಲ್ ಹೆಸರು ಬಂತಲ್ಲ, ಸುಮ್ನೆ ಇರೋಕಾಗ್ತಿಲ್ಲ. ರಾಬರ್ಟ್ ಓವೆನ್, ಸಹಕಾರ ಚಳವಳಿಗೆ ದಾರಿ ತೋರಿಸಿದವನು, ಹುಟ್ಟಿದ್ದು ಇದೇ ನ್ಯೂಟೌನ್‌ನಲ್ಲಿ, 1771. ಸತ್ತಿದ್ದೂ ಇಲ್ಲೇ, 1858. ಅವನ ವಿಚಾರ ಹಿಡಿದು 1844ರಲ್ಲಿ ಸಹಕಾರಿ ಅಂಗಡಿ ತೆರೆದವರು ಯಾವ ಊರಿನವರು? ರಾಚ್‌ಡೇಲ್! ನ್ಯೂಟೌನ್‌ನವನ ವಿಚಾರ ತಗೊಂಡ ಊರೇ ನ್ಯೂಟೌನ್‌ನ ಬಟ್ಟೆ ವ್ಯಾಪಾರ ಕಿತ್ಕೊಳ್ತು.

ಆ ಗಾಳಿ ನಮ್ಮ ಗದಗ ಜಿಲ್ಲೆಯ ಕಣಗಿನಹಾಳಕ್ಕೂ ಬೀಸ್ತು, 1905ರಲ್ಲಿ ಅಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದ್ರು. ನಮ್ಮೂರ ಕಡೆಯವರು ನ್ಯೂಟೌನ್‌ಗೆ ಹೋದ್ರೆ ಗೋದಾಮು ಆಮೇಲೆ ನೋಡಿ, ಮೊದಲು ಹಳೇ ಸೇಂಟ್ ಮೇರಿ ಚರ್ಚಿನಲ್ಲಿ ಓವೆನ್ ಸಮಾಧಿ ನೋಡಿ. ಅದರ ಸುತ್ತಲಿನ ಕಬ್ಬಿಣದ ಕಟಾಂಜನ ಸಹಕಾರಿಗಳು 1902ರಲ್ಲಿ ಹಾಕಿಸಿದ್ದು.

ಹಳೇಪೇಟೆ_ಹುಡುಗ
ಕಟ್ಟಡಕ್ಕೆ ವಾಪಸ್ ಬರೋಣ ದಯವಿಟ್ಟು 🙏

ಕುಡ್ಲದ_ಹಂಚು
ಬರುವ ಮಾರಾಯ್ರೆ. ನನಗೆ ಆ ಇಟ್ಟಿಗೆ ಬಣ್ಣದ ಮೇಲೆ ಕಣ್ಣು. ವೇಲ್ಸ್ ಉತ್ತರದಲ್ಲಿ ರುವಾಬನ್ ಅಂತ ಒಂದು ಜಾಗ ಉಂಟು. ಅಲ್ಲಿಯ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸುಟ್ಟರೆ ಕಡು ಕೆಂಪು, ಕಲ್ಲಿನ ಹಾಗೆ ಗಟ್ಟಿ. ಜೆ.ಸಿ. ಎಡ್ವರ್ಡ್ಸ್ ಅವರ ಕಾರ್ಖಾನೆಗಳು ಅಲ್ಲಿಯೇ ಇದ್ದದ್ದು. ಬಳ್ಳಿ, ಹೂ, ಸಿಂಹದ ತಲೆ, ಏನು ಬೇಕಾದರೂ ಅಚ್ಚಿನಲ್ಲಿ ಒತ್ತಿ ಸುಟ್ಟು ರೈಲಿಗೆ ಹಾಕಿ ಕಳಿಸುವುದು. ಕಾರ್ಡಿಫ್ ಬಂದರಿನ ಪಿಯರ್‌ಹೆಡ್ ಕಟ್ಟಡ, 1897ರದ್ದು, ನೋಡಿದರೆ ಟೆರ್ರಾಕೋಟಾ, ಅಂದರೆ ಈ ಸುಟ್ಟ ಮಣ್ಣಿನ ಅಲಂಕಾರ, ಏನು ಅಂತ ಗೊತ್ತಾಗ್ತದೆ.

ನಮ್ಮ ಊರಿನ ಕಥೆಯೂ ಅದೇ ಕಾಲದ್ದು. ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಳೆಮಣ್ಣು, ಯಂತ್ರದ ಅಚ್ಚು, ಗೂಡಿನ ಬೆಂಕಿ. ಎರಡೂ ಕಡೆ ಕೈಕೆಲಸ ಕಾರ್ಖಾನೆಗೆ ಹೋಯ್ತು. ನಮ್ಮದು ಮಾಡಿಗೆ ಹತ್ತಿತು, ಅವರದ್ದು ಗೋಡೆಗೆ ಹತ್ತಿತು.

ಸುಮ್ನೆ_ಓದೋಳು
ಮಂಗಳೂರಿನವರಿಗೆ ಯಾವ ವಿಷಯ ಕೊಟ್ರೂ ಹಂಚಿಗೇ ಬಂದು ನಿಲ್ತೀರ.

ಕುಡ್ಲದ_ಹಂಚು
ಮಳೆ ಬಂದರೆ ನೀವೂ ಬರ್ತೀರಿ.

ಕಾರ್ಡಿಫ್_ಕನ್ನಡತಿ
ವೇಲ್ಸ್‌ನಲ್ಲೇ ಇರೋಳು, ಇಲ್ಲಿಯ ಆಸ್ಪತ್ರೆಯಲ್ಲಿ ಕೆಲಸ. ಇಟ್ಟಿಗೆ ಬಗ್ಗೆ ನಾನು ಹೊಟ್ಟೆಯುರಿಯಿಂದ ಮಾತಾಡಬಲ್ಲೆ. ನಮ್ಮದು ವಿಕ್ಟೋರಿಯಾ ಕಾಲದ ಸಾಲುಮನೆ. ಹಿಂದಿನ ಮಾಲೀಕರು ಯಾರೋ ಮೇಸ್ತ್ರಿ ಕೈಲಿ ಇಟ್ಟಿಗೆ ಸಂದಿಗೆಲ್ಲ ಸಿಮೆಂಟ್ ತುಂಬಿಸಿದ್ರು. ನೋಡೋಕೆ ನೀಟು. ಒಂದು ಚಳಿಗಾಲ ಹಿಮ ಬಿದ್ದು ಕರಗಿದ್ದೇ ತಡ, ಇಟ್ಟಿಗೆ ಮುಖಗಳು ಹಪ್ಪಳದ ಹಾಗೆ ಪದರ ಎದ್ದು ಮೆಟ್ಟಿಲ ಮೇಲೆ ಉದುರಿದ್ವು. ಕೆಂಪು ಪುಡಿ ಗುಡಿಸಿ ಗುಡಿಸಿ ಸಾಕಾಯ್ತು.

ಕಾರಣ ಏನಂದ್ರೆ ಹಳೇ ಗೋಡೆ ಸುಣ್ಣದ ಗಾರೆಯದ್ದು. ಒಳಗೆ ಸೇರಿದ ನೀರು ಆ ಗಾರೆ ಸಂದಿಯಿಂದ ಆವಿಯಾಗಿ ಹೋಗ್ಬೇಕು. ಸಿಮೆಂಟ್ ಹಾಕಿದ್ರೆ ಆ ದಾರಿ ಬಂದ್, ನೀರು ಇಟ್ಟಿಗೆಯೊಳಗೇ ಕೂತು ಹೆಪ್ಪುಗಟ್ಟಿ ಹಿಗ್ಗುತ್ತೆ, ಮುಖ ಸಿಡಿಯುತ್ತೆ. ಈಗ ಮತ್ತೆ ಸಿಮೆಂಟ್ ಕೆತ್ತಿಸಿ ಸುಣ್ಣ ಹಾಕಿಸ್ತಿದ್ದೀವಿ. ಕೆಲಸ ಗೊತ್ತಿರೋರು ಸಿಗೋದೇ ಕಷ್ಟ.

ಮಲೆನಾಡ_ಇಟ್ಟಿಗೆ
ಇಲ್ಲೂ ಅದೇ ಹಾಡು ಅಕ್ಕಾ. ನಮ್ಮಜ್ಜನ ಮನೆ ಗೋಡೆಗೆ ಬೆಲ್ಲ, ಅಳಲೆಕಾಯಿ ನೀರು ಹಾಕಿ ಅರೆದ ಗಾರೆ. ಮಕ್ಕಳು ‘ಸ್ಟ್ರಾಂಗ್ ಆಗ್ಲಿ’ ಅಂತ ಮೇಲೆ ಸಿಮೆಂಟ್ ಬಳಿಸಿದ್ರು. ಈಗ ಗೋಡೆ ಬುಡದಿಂದ ಸೊಂಟದೆತ್ತರಕ್ಕೆ ತೇವ.

ಹೆರಿಟೇಜ್_ಹೊಟ್ಟೆಪಾಡು
ನ್ಯೂಟೌನ್ ಗೋದಾಮು ಲಿಸ್ಟೆಡ್ ಕಟ್ಟಡ, ಅಂದ್ರೆ ಕಾಪಾಡಬೇಕು ಅಂತ ಸರ್ಕಾರಿ ಪಟ್ಟಿಗೆ ಸೇರಿಸಿದ್ದು. ವೇಲ್ಸ್‌ನಲ್ಲಿ ಇದನ್ನ ನೋಡ್ಕೊಳ್ಳೋ ಸಂಸ್ಥೆ ಕ್ಯಾಡೂ. ಪಟ್ಟಿ ಸೇರಿದ ಮೇಲೆ ಅಪ್ಪಣೆ ಇಲ್ದೆ ಕಟ್ಟಡದ ಚಹರೆ ಬದಲಾಗೋ ಹಾಗೆ ಮುಟ್ಟಂಗಿಲ್ಲ, ಮುಟ್ಟಿದ್ರೆ ಕ್ರಿಮಿನಲ್ ಕೇಸು. 2023ರ ಹೊಸ ಕಾನೂನು 2024ರ ನವೆಂಬರ್‌ನಲ್ಲಿ ಜಾರಿಗೆ ಬಂತು, ಹಳೇ ಚೂರುಪಾರು ಕಾನೂನನ್ನೆಲ್ಲ ಒಂದೇ ಕಡೆ ಸೇರಿಸಿದ್ದಾರೆ.

ತಮಾಷೆ ಏನು ಗೊತ್ತಾ? ಹೊಸ ಮನೆ ಕಟ್ಟೋಕೆ ಅಲ್ಲಿ ವ್ಯಾಟ್ ಸೊನ್ನೆ. ಹಳೇ ಕಟ್ಟಡ ರಿಪೇರಿಗೆ ಸಾಮಾನ್ಯವಾಗಿ ಶೇ. 20. ಲಿಸ್ಟೆಡ್ ಕಟ್ಟಡದ ಮಾರ್ಪಾಡಿಗಿದ್ದ ವಿನಾಯಿತಿಯನ್ನೂ 2012ರಲ್ಲಿ ಕಿತ್ತುಹಾಕಿದ್ರು. ಉಳಿಸಿ ಅಂತಾರೆ, ಉಳಿಸೋಕೆ ಹೋದ್ರೆ ಜೇಬಿಗೆ ಕೈ ಹಾಕ್ತಾರೆ.

ರೈಲುಪ್ರಿಯ
ಅಷ್ಟೊಂದು ಜಾಗದಲ್ಲಿ ಏನೇನು ಮಾರಿದ ಅನ್ನೋದನ್ನ ಯಾರೂ ಹೇಳಲಿಲ್ಲ. ಯೂಕ್ಲಿಸಿಯಾ ರಗ್ ಗೊತ್ತಾ? 1876ರಲ್ಲಿ ಪೇಟೆಂಟ್ ಮಾಡಿಸಿದ್ದು. ಉಣ್ಣೆ ಕಂಬಳಿ, ಅದರಲ್ಲೇ ಒಂದು ಪಕ್ಕಕ್ಕೆ ಚೀಲದ ಥರ ಹೊಲಿಗೆ, ತಲೆ ಕಡೆ ಊದಿ ಉಬ್ಬಿಸೋ ರಬ್ಬರ್ ದಿಂಬು. ಒಳಗೆ ತೂರಿಕೊಂಡು ಉಳಿದ ಕಂಬಳೀನ ಮೇಲೆಳೆದು ಗುಂಡಿ ಹಾಕ್ಕೊಂಡ್ರೆ ಆಯ್ತು. ಈಗಿನ ಸ್ಲೀಪಿಂಗ್ ಬ್ಯಾಗಿನ ಮುತ್ತಾತ.

ರಷ್ಯಾ ಸೈನ್ಯ ತುರ್ಕಿ ಯುದ್ಧಕ್ಕೆ 60,000 ತರಿಸ್ಕೊಳ್ತು. 1877ರಲ್ಲಿ ತುರ್ಕರ ಕೈಲಿದ್ದ ಪ್ಲೆವ್ನಾ ಊರು ರಷ್ಯಾಕ್ಕೆ ಬಿದ್ದ ಮೇಲೆ ಉಳಿದ ಆರ್ಡರ್ ರದ್ದು. 17,000 ಕಂಬಳಿ ಇವನ ಕೈಯಲ್ಲೇ ಉಳೀತು. ಅವನ್ನ ಬಡವರಿಗೆ ಹಾಸಿಗೆ ಕೊಡೋ ಧರ್ಮಸಂಸ್ಥೆಗಳಿಗೆ ಮಾರೋಕೆ ಶುರು ಮಾಡಿದ, ಆಸ್ಟ್ರೇಲಿಯಾದ ಬಯಲಿಗೂ ಹೋದ್ವು. ಅದಾಗಿ ಒಂದೆರಡು ವರ್ಷಕ್ಕೇ ಈ ಕಟ್ಟಡ. 17,000 ಕಂಬಳಿ ತಲೆ ಮೇಲೆ ಬಿದ್ದೋನಿಗೆ ಜಾಗದ ಬೆಲೆ ಚೆನ್ನಾಗೇ ಗೊತ್ತಿರುತ್ತೆ.

ಸುಮ್ನೆ_ಓದೋಳು
ಅಯ್ಯೋ, ರಿಟರ್ನ್ ಪಾಲಿಸಿ ಆಗಲೇ ಇತ್ತಾ!

ಅಂಚೆಪೆಟ್ಟಿಗೆ
ಜಗತ್ತಿನ ಮೊಟ್ಟಮೊದಲ ಮೇಲ್ ಆರ್ಡರ್ ಕಂಪನಿ ಇದೇ ಅನ್ನೋದು ಹೆಮ್ಮೆಯ ವಿಷಯ ಅಲ್ವಾ. ಅಮೆರಿಕದ ಮಾಂಟ್‌ಗೊಮರಿ ವಾರ್ಡ್ ಶುರುವಾಗಿದ್ದು 1872ಕ್ಕೆ, ಇವನಿಗಿಂತ ಹನ್ನೊಂದು ವರ್ಷ ತಡ.

ಹೆರಿಟೇಜ್_ಹೊಟ್ಟೆಪಾಡು
‘ಮೊಟ್ಟಮೊದಲು’ ಅನ್ನೋದನ್ನ ಬಿಡಿ. ಬೆಲೆಪಟ್ಟಿ ಅಚ್ಚು ಹಾಕಿಸಿ ಹಂಚೋರು ಅದಕ್ಕೂ ಮುಂಚೆ ಇದ್ರು, ಅಮೆರಿಕದ ಒಡವೆ ಅಂಗಡಿ ಟಿಫನಿ 1845ರಲ್ಲೇ ಕ್ಯಾಟಲಾಗ್ ತಂದಿತ್ತು. ಇವನ ಹೆಚ್ಚುಗಾರಿಕೆ ಬೇರೆ. ಸ್ಯಾಂಪಲ್, ಕಾಗದ, ರೈಲು, ಗೋದಾಮು ನಾಲ್ಕನ್ನೂ ಒಂದೇ ಸರಪಳಿಗೆ ಹಾಕಿ, ಆ ಸರಪಳಿಗೊಂದು ಕಟ್ಟಡ ಕಟ್ಟಿದ. ಮೂಲ ಪ್ರಶ್ನೆಗೂ ನನ್ನ ಉತ್ತರ ಇದೇ. ಕಾಣದ ವ್ಯಾಪಾರಿಗೆ ದುಡ್ಡು ಮುಂಗಡ ಕಳಿಸಬೇಕು ಅಂದ್ರೆ ಗಿರಾಕಿಗೆ ನಂಬಿಕೆ ಬೇಕು. ರಾಣಿ ಗಿರಾಕಿ, ಫ್ಲಾರೆನ್ಸ್ ನೈಟಿಂಗೇಲ್ ಗಿರಾಕಿ ಅಂತ ಹೇಳ್ಕೊಳ್ತಿದ್ದ. ಅದರ ಜೊತೆ ಕಟ್ಟಡ. ಆ ಕಾಲದ ಕಂಪನಿಗಳು ತಮ್ಮ ಕಟ್ಟಡದ ಚಿತ್ರ ಕೆತ್ತಿಸಿ ಕಾಗದದ ತಲೆ ಮೇಲೆ, ಬಿಲ್ಲಿನ ಮೇಲೆ ಅಚ್ಚು ಹಾಕಿಸ್ತಿದ್ವು. ಓಡಿಹೋಗೋ ಕಂಪನಿ ಅಲ್ಲ, ನೋಡಿ ಎಷ್ಟು ಇಟ್ಟಿಗೆ ಇದೆ ಅಂತ.

ರೈಲುಪ್ರಿಯ
ಚಿತ್ರ ಎರಡನೇದು. ಮೊದಲು ಸ್ಟೇಷನ್. ನಂಬಿಕೆಗೆ ಕಟ್ಟಿದ್ದಾದ್ರೆ ಪೇಟೆ ಮಧ್ಯದಲ್ಲೇ ಕಟ್ಟಬಹುದಿತ್ತಲ್ಲ, ಚಿತ್ರಕ್ಕೆ ಎಲ್ಲಿದ್ರೇನು?

ಹೆರಿಟೇಜ್_ಹೊಟ್ಟೆಪಾಡು
ಜಾಗ ಆರಿಸಿದ್ದು ರೈಲಿಗಾಗಿ, ಮುಖ ಮಾಡಿಸಿದ್ದು ನಂಬಿಕೆಗಾಗಿ. ಎರಡನ್ನೂ ಒಂದೇ ಮಾಡ್ಬೇಡಿ.

ಮಲೆನಾಡ_ಇಟ್ಟಿಗೆ
ಸುಬ್ಬಿ ಸರ್, ಇಂಥ ಗೋದಾಮಿನ ಒಳಗೆ ನೆಲ ಹೇಗೆ ನಿಲ್ಲಿಸ್ತಿದ್ರು? ನಮ್ಮ ಹಳೇ ಬಂಗಲೆಗಳ ಮದ್ರಾಸ್ ಟೆರೇಸ್ ಥರಾನೇನಾ?

ಸ್ಟ್ರಕ್ಚರಲ್_ಸುಬ್ಬಿ
ಅಲ್ಲ. ಮದ್ರಾಸ್ ಟೆರೇಸ್‌ನಲ್ಲಿ ಮರದ ತೊಲೆ, ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನ ಓರೆಯಾಗಿ ನಿಲ್ಲಿಸಿ ಸುಣ್ಣ ಹಾಕ್ತಾರೆ, ಅಡಿಯಿಂದ ನೋಡಿದ್ರೆ ಚಪ್ಪಟೆ. ನೀವು ಕೇಳ್ತಿರೋ ವಿಲಾಯತಿ ಪದ್ಧತಿ ಜ್ಯಾಕ್ ಆರ್ಚ್. ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆ ಕಮಾನು, ಛಾವಣಿ ಅಲೆ ಅಲೆಯಾಗಿ ಕಾಣುತ್ತೆ. ಬೆಂಕಿ ಭಯಕ್ಕೆ ಹುಟ್ಟಿದ್ದು, ಹತ್ತಿ, ಉಣ್ಣೆ, ಎಣ್ಣೆದೀಪ ಒಂದೇ ಕಡೆ ಇದ್ರೆ ಮರದ ನೆಲ ಸೌದೆ.

ಕಂಬಗಳು ಎರಕದ ಕಬ್ಬಿಣ. ಮೇಲಿನ ಭಾರ ನೆಟ್ಟಗೆ ಬಿದ್ರೆ ಎರಕ ರಾಕ್ಷಸ, ಬಗ್ಗಿಸೋಕೆ ಹೋದ್ರೆ ಟಪ್ ಅಂತ ಮುರಿಯುತ್ತೆ. ಬೆಂಕಿಯಲ್ಲಿ ಕಾದಿರೋವಾಗ ಅಗ್ನಿಶಾಮಕದವರು ತಣ್ಣೀರು ಬಿಟ್ರಂತೂ ಬಿರುಕು ಗ್ಯಾರಂಟಿ. ಉಕ್ಕಿನ ತೊಲೆ 1879ರಲ್ಲಿ ಇನ್ನೂ ಸಾಮಾನ್ಯ ಆಗಿರಲಿಲ್ಲ.

ಹಳೇಪೇಟೆ_ಹುಡುಗ
ಲಾಲ್‌ಬಾಗ್ ಗಾಜಿನ ಮನೆಯದ್ದೂ ಎರಕದ ಕಬ್ಬಿಣ ತಾನೆ?

ಸ್ಟ್ರಕ್ಚರಲ್_ಸುಬ್ಬಿ
ಹೌದು, ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಂಪನಿಯದ್ದು. 1889ರಲ್ಲಿ ಅಡಿಗಲ್ಲು. ಆದ್ರೆ ಅಲ್ಲಿ ಹೊರೋದು ಗಾಜು, ಇಲ್ಲಿ ಹೊರೋದು ಬಟ್ಟೆ ಬೇಲು. ಕಂಬದ ದಪ್ಪದಲ್ಲೇ ಗೊತ್ತಾಗುತ್ತೆ.

ಎಲ್ಲಕ್ಕೂ ಮೂಲ ನೋಡ್ಬೇಕಾದ್ರೆ ವೇಲ್ಸ್ ಗಡಿ ಹತ್ತಿರದ ಇಂಗ್ಲೆಂಡಿನ ಊರು ಶ್ರೂಸ್‌ಬರಿಗೆ ಹೋಗಿ. ಅಲ್ಲಿಯ ಡಿದರಿಂಗ್‌ಟನ್ ಅಗಸೆ ನಾರಿನ ಗಿರಣಿ, 1797, ಚಾರ್ಲ್ಸ್ ಬೇಜ್ ವಿನ್ಯಾಸ. ಪೂರಾ ಕಬ್ಬಿಣದ ಚೌಕಟ್ಟಿನ ಮೇಲೆ ನಿಂತ ಜಗತ್ತಿನ ಮೊದಲ ಕಟ್ಟಡ. ಇದರ ವಿಷಯದಲ್ಲಿ ‘ಮೊದಲ’ ಅನ್ನೋಕೆ ನನಗೆ ಭಯ ಇಲ್ಲ. 2022ರಲ್ಲಿ ದುರಸ್ತಿ ಮುಗಿಸಿ ಜನರಿಗೆ ತೆರೆದಿದ್ದಾರೆ.

ಹೆರಿಟೇಜ್_ಹೊಟ್ಟೆಪಾಡು
+1. ಗಗನಚುಂಬಿಗಳ ಅಜ್ಜಿ.

ಟೊರಾಂಟೊ_ತಮ್ಮಣ್ಣ
ಕೆನಡಾದಿಂದ ಒಂದು ಸೇರ್ಪಡೆ. ಈ ಕುಟುಂಬದವರು 1911ರಲ್ಲಿ ಕ್ಯಾಲ್ಗರಿಯಲ್ಲೂ ಪ್ರೈಸ್-ಜೋನ್ಸ್ ಹೆಸರಲ್ಲೇ ದೊಡ್ಡ ಅಂಗಡಿ ತೆಗೆದಿದ್ರು. ಅದು ಹೆಚ್ಚು ದಿನ ನಡೀಲಿಲ್ಲ.

ಕಾರ್ಡಿಫ್_ಕನ್ನಡತಿ
ನ್ಯೂಟೌನ್‌ದೂ ಅಷ್ಟೇ, 1920ರಲ್ಲಿ ಆತ ತೀರಿಕೊಂಡ, 1938ರಲ್ಲಿ ವ್ಯಾಪಾರ ಲಿವರ್‌ಪೂಲ್‌ನ ಲೂಯಿಸ್ ಕಂಪನಿ ಪಾಲಾಯ್ತು. ಹೆಸರು ಮಾತ್ರ ಇಟ್ಟಿಗೆಯಲ್ಲಿದೆ.

ಮಲೆನಾಡ_ಇಟ್ಟಿಗೆ
ನಾನು ಬೇಸಿಗೆಯಲ್ಲಿ ಮಗಳ ಮನೆಗೆ ಬರ್ಮಿಂಗ್‌ಹ್ಯಾಮ್‌ಗೆ ಬರ್ತಿದ್ದೀನಿ. ಗಿರಣಿ, ಮಗ್ಗದ ಮನೆ, ಗೋದಾಮು ಮೂರೂ ಒಂದೇ ದಿನ ಆಗುತ್ತಾ?

ರೈಲುಪ್ರಿಯ
ಆಗುತ್ತೆ ಸರ್. ಬರ್ಮಿಂಗ್‌ಹ್ಯಾಮ್‌ನಿಂದ ಅಬೆರಿಸ್ಟ್‌ವಿತ್ ರೈಲು ಶ್ರೂಸ್‌ಬರಿ ಮೇಲೇ ಹೋಗೋದು. ಬೆಳಿಗ್ಗೆ ಶ್ರೂಸ್‌ಬರಿ ಇಳಿದು ಗಿರಣಿ ನೋಡಿ, ಮುಂದಿನ ರೈಲು ಹಿಡೀರಿ, ವೆಲ್ಷ್‌ಪೂಲ್ ಆದ್ಮೇಲೆ ನ್ಯೂಟೌನ್. ರೈಲು ಮುಂದೆ ಮಹಂತ್‌ಲೆತ್‌ನಲ್ಲಿ ಎರಡು ಭಾಗ ಆಗುತ್ತೆ, ಯಾವ ಡಬ್ಬಿ ಅಂತ ಗಾಬರಿ ಬೇಡ, ನಿಮ್ಮ ಸ್ಟೇಷನ್ ಅದಕ್ಕಿಂತ ಮೊದಲೇ.

ಕಾರ್ಡಿಫ್_ಕನ್ನಡತಿ
ಹೊರಡೋ ಮುಂಚೆ ಮ್ಯೂಸಿಯಂ ತೆರೆದಿರುತ್ತಾ ಅಂತ ಕೇಳ್ಕೊಳ್ಳಿ ಸರ್, ಸಣ್ಣ ಊರಿನ ಮ್ಯೂಸಿಯಂಗಳು ಎಲ್ಲಾ ದಿನ ಬಾಗಿಲು ತೆಗೆಯಲ್ಲ. ಛತ್ರಿ ಬೇಸಿಗೆಯಲ್ಲೂ ಬೇಕು.

ಗುಳೇದಗುಡ್ಡದಾಂವ
ಮಗ್ಗದ ಮಾಳಗಿ ಕಿಡಕಿ ಫೋಟೋ ಒಳಗಿಂದ ತಗೀರಿ ಸರ. ಹೊರಗಿಂದು ಎಲ್ಲಾ ಕಡೆ ಸಿಗ್ತಾವ.